ಶ್ವಾಸಕೋಶದ ಕ್ಯಾನ್ಸರ್ ಮತ್ತು ಆರೋಗ್ಯ ನೀತಿ

ಜಗತ್ತಿನಲ್ಲಿ ಅತಿ ಹೆಚ್ಚು ಜನರ ಪ್ರಾಣ ತೆಗೆಯುವ ಕ್ಯಾನ್ಸರ್ ಶ್ವಾಸಕೋಶದ್ದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಸುಮಾರು 25 ಲಕ್ಷ ಜನರಿಗೆ ಈ ರೋಗ ಹೊಸದಾಗಿ ಪತ್ತೆಯಾಯಿತು, ಸುಮಾರು 18 ಲಕ್ಷ ಜನ ತೀರಿಕೊಂಡರು. ಕ್ಯಾನ್ಸರಿನಿಂದ ಸಾಯುವ ಐವರಲ್ಲಿ ಹೆಚ್ಚುಕಡಿಮೆ ಒಬ್ಬರ ಸಾವಿಗೆ ಇದೇ ಕಾರಣ. ಅದೇ ವರ್ಷ ಭಾರತದಲ್ಲಿ ಹೊಸ ರೋಗಿಗಳು ಸುಮಾರು 81 ಸಾವಿರ, ಸಾವುಗಳು ಸುಮಾರು 75 ಸಾವಿರ. ಈ ಎರಡು ಅಂಕಿಗಳು ಇಷ್ಟು ಹತ್ತಿರವಿರುವುದೇ ಪರಿಸ್ಥಿತಿಯನ್ನು ಹೇಳುತ್ತದೆ. ರೋಗ ಕೈಗೆ ಸಿಗುವ ಹೊತ್ತಿಗೆ ಬಹುಪಾಲು ರೋಗಿಗಳಲ್ಲಿ ಅದು ಮೂರನೆಯ ಅಥವಾ ನಾಲ್ಕನೆಯ ಹಂತ ತಲುಪಿರುತ್ತದೆ.

ಇಷ್ಟಾದರೂ ಭಾರತದ ಆರೋಗ್ಯ ನೀತಿಯಲ್ಲಿ ಈ ರೋಗಕ್ಕೆ ತನ್ನದೇ ಆದ ಜಾಗವಿಲ್ಲ. ತಂಬಾಕು ನಿಯಂತ್ರಣ ಕಾರ್ಯಕ್ರಮ ಇದರ ಹೆಸರು ಹೇಳಿ ಜನರನ್ನು ಎಚ್ಚರಿಸುತ್ತದೆ, ರೋಗಿಯನ್ನು ನೋಡುವುದು ಅದರ ಕೆಲಸವಲ್ಲ. ಕ್ಷಯ ನಿರ್ಮೂಲನ ಕಾರ್ಯಕ್ರಮದ ಎಕ್ಸ್‌ರೇ ಕೋಣೆಗೆ ರೋಗಿ ಬಂದೇ ಬರುತ್ತಾನೆ, ಅಲ್ಲಿ ಹುಡುಕುವುದು ಬೇರೆ ರೋಗವನ್ನು. ಕ್ಯಾನ್ಸರ್ ತಪಾಸಣೆಯ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ ಗಾಳಿ ಅಳೆಯುತ್ತದೆ, ಅದನ್ನು ಉಸಿರಾಡುವವರ ಲೆಕ್ಕ ಅದರ ಬಳಿ ಇರುವುದಿಲ್ಲ. ಎಲ್ಲರ ಬಾಯಲ್ಲೂ ಇರುವ ರೋಗ ಯಾರ ಕಡತದಲ್ಲೂ ಇಲ್ಲದಂತಾಗಿದೆ. ಇದಕ್ಕೆ ಹೆಚ್ಚಿನ ಆದ್ಯತೆ ಬೇಕೆಂಬ ಬೇಡಿಕೆಯ ತಿರುಳು ಇಲ್ಲಿದೆ. ಹೊಸ ಯಂತ್ರ ಕೊಳ್ಳುವುದಕ್ಕಿಂತ ಮೊದಲು, ಈಗಾಗಲೇ ಇರುವ ಕಾರ್ಯಕ್ರಮಗಳಲ್ಲಿ ಯಾವುದು ಇದರ ಹೊಣೆ ಹೊರಬೇಕು ಎಂಬುದು ತೀರ್ಮಾನವಾಗಬೇಕು. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಶ್ವಾಸಕೋಶದ ಆರೋಗ್ಯವನ್ನು ಸಮಗ್ರವಾಗಿ ನೋಡಬೇಕೆಂಬ ನಿರ್ಣಯ ಅಂಗೀಕರಿಸಿದ್ದು ಈ ಬೇಡಿಕೆಗೆ ಸಿಕ್ಕ ಮೊದಲ ದೊಡ್ಡ ಮನ್ನಣೆ.

ವಿರಳ ರೋಗ ಸಾಮಾನ್ಯವಾದದ್ದು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದು ಅಪರೂಪದ ಕಾಯಿಲೆ. ನ್ಯೂಯಾರ್ಕಿನ ಐಸಾಕ್ ಆಡ್ಲರ್ 1912ರಲ್ಲಿ ಇದರ ಮೇಲೆ ಪುಸ್ತಕ ಬರೆದಾಗ, ಇಷ್ಟು ವಿರಳವಾದ ರೋಗಕ್ಕೆ ಇಡೀ ಪುಸ್ತಕವೇ ಬೇಕೇ ಎಂಬ ಪ್ರಶ್ನೆಗೆ ಆರಂಭದಲ್ಲೇ ಸಮಜಾಯಿಷಿ ಕೊಡಬೇಕಾಯಿತು. ವೈದ್ಯ ಸಾಹಿತ್ಯವನ್ನೆಲ್ಲ ಜಾಲಾಡಿ ಅವರು ಕಲೆಹಾಕಿದ್ದು 374 ಪ್ರಕರಣಗಳನ್ನು. ಯಂತ್ರದಲ್ಲಿ ಸುತ್ತಿದ ಅಗ್ಗದ ಸಿಗರೇಟು ಮತ್ತು ಸೈನಿಕರಿಗೆ ಪಡಿತರವಾಗಿ ಅದನ್ನು ಹಂಚಿದ ಎರಡು ಮಹಾಯುದ್ಧಗಳು ಆ ಚಿತ್ರವನ್ನೇ ಬದಲಿಸಿದವು. 1950ರಲ್ಲಿ ಅಮೆರಿಕದಲ್ಲಿ ಅರ್ನ್‌ಸ್ಟ್ ವೈಂಡರ್ ಮತ್ತು ಎವರ್ಟ್ಸ್ ಗ್ರೇಹಂ, ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್ ಧೂಮಪಾನಕ್ಕೂ ಈ ರೋಗಕ್ಕೂ ಇರುವ ನಂಟನ್ನು ಅಂಕಿಅಂಶಗಳಿಂದ ತೋರಿಸಿದರು. ಡಾಲ್ ಮೊದಲು ಸಂಶಯಪಟ್ಟಿದ್ದು ರಸ್ತೆಗೆ ಹಾಕುವ ಡಾಂಬರನ್ನು ಮತ್ತು ಮೋಟಾರು ವಾಹನಗಳ ಹೊಗೆಯನ್ನು. ತಮ್ಮದೇ ಅಂಕಿಗಳು ಬೇರೆ ಕಡೆ ಬೆರಳು ತೋರಿಸಿದಾಗ ಅವರೂ ಸಿಗರೇಟು ಬಿಟ್ಟರು.

ಗ್ರೇಹಂ ಅವರ ಕಥೆ ಇನ್ನೂ ವಿಲಕ್ಷಣ. ಕ್ಯಾನ್ಸರ್ ಬಂದ ಇಡೀ ಒಂದು ಶ್ವಾಸಕೋಶವನ್ನು ಒಂದೇ ಶಸ್ತ್ರಕ್ರಿಯೆಯಲ್ಲಿ ತೆಗೆದು ರೋಗಿಯನ್ನು ಉಳಿಸಿದ ಮೊದಲ ಕೀರ್ತಿ ಅವರದು. ಅದು ನಡೆದದ್ದು 1933ರಲ್ಲಿ, ಸೇಂಟ್ ಲೂಯಿಸ್ ನಗರದಲ್ಲಿ. ಸ್ವತಃ ಸಿಗರೇಟು ಸೇದುತ್ತಿದ್ದ ಅವರಿಗೆ ತಮ್ಮ ವಿದ್ಯಾರ್ಥಿ ವೈಂಡರ್‌ನ ಊಹೆಯಲ್ಲಿ ಮೊದಲು ನಂಬಿಕೆಯಿರಲಿಲ್ಲ. ನಂಬಿಕೆ ಬಂದ ಮೇಲೆ ಬಿಟ್ಟರು, ಆದರೆ ತಡವಾಗಿತ್ತು. 1957ರಲ್ಲಿ ಅದೇ ರೋಗದಿಂದ ತೀರಿಕೊಂಡರು. ಅವರು ಶಸ್ತ್ರಕ್ರಿಯೆ ಮಾಡಿದ್ದ ಆ ರೋಗಿ, ಪಿಟ್ಸ್‌ಬರ್ಗಿನ ಒಬ್ಬ ಪ್ರಸೂತಿ ವೈದ್ಯ, ಅವರಿಗಿಂತ ಹೆಚ್ಚು ಕಾಲ ಬದುಕಿದ್ದರು.

ವಿಜ್ಞಾನ ಹೇಳಿದ್ದನ್ನು ಸರ್ಕಾರಗಳು ಕಿವಿಗೆ ಹಾಕಿಕೊಳ್ಳಲು ಹತ್ತು ಹದಿನೈದು ವರ್ಷ ಹಿಡಿಯಿತು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ವರದಿ ಬಂದದ್ದು 1962ರಲ್ಲಿ, ಅಮೆರಿಕದ ಸರ್ಜನ್ ಜನರಲ್ ವರದಿ 1964ರ ಜನವರಿ 11ರಂದು. ಅಂದು ಶನಿವಾರ, ಷೇರುಪೇಟೆ ಅಲುಗಾಡಬಾರದೆಂದು ಬೇಕೆಂದೇ ಆ ದಿನವನ್ನು ಆರಿಸಿದ್ದರು. ತಂಬಾಕಿನ ಹಿಂದಿರುವ ಹಣ ಎಷ್ಟು ದೊಡ್ಡದು ಎಂಬುದನ್ನು ಸರ್ಕಾರ ಮೊದಲ ದಿನವೇ ಒಪ್ಪಿಕೊಂಡಂತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ ಜಾರಿಗೆ ಬರಲು 2005ರವರೆಗೆ ಕಾಯಬೇಕಾಯಿತು.

ತಾನೇ ತಂದುಕೊಂಡದ್ದು ಎಂಬ ಮಾತು

ತಂಬಾಕಿನ ವಿರುದ್ಧದ ಪ್ರಚಾರ ಕೋಟ್ಯಂತರ ಜನರನ್ನು ಉಳಿಸಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ನೆರಳು ರೋಗಿಯ ಮೇಲೆ ಬಿತ್ತು. ಸ್ತನದ ಕ್ಯಾನ್ಸರ್ ಬಂದವರನ್ನು ಕಂಡರೆ ಮರುಗುವವರು ಶ್ವಾಸಕೋಶದ ಕ್ಯಾನ್ಸರ್ ಬಂದವರನ್ನು ಮೊದಲು ಕೇಳುವುದು, "ಸೇದ್ತಿದ್ರಾ?" ಎಂದು. ಹೌದೆಂದರೆ ತಾನೇ ತಂದುಕೊಂಡದ್ದು ಎಂಬ ತೀರ್ಪು, ಇಲ್ಲವೆಂದರೆ ಅಪನಂಬಿಕೆ. ಹೀಗಾಗಿ ಕೆಮ್ಮು ಶುರುವಾದರೂ ಹೇಳಿಕೊಳ್ಳದೆ ದಿನ ತಳ್ಳುವವರಿದ್ದಾರೆ. ನೀತಿಯ ಮಟ್ಟದಲ್ಲಿ ಇದರ ಪೆಟ್ಟು ಇನ್ನೊಂದು ಬಗೆಯದು. ಸರ್ಕಾರದ ಬಾಗಿಲು ಬಡಿದು ಹಣ ಕೇಳುವವರು ಸಾಮಾನ್ಯವಾಗಿ ರೋಗದಿಂದ ಗೆದ್ದು ಬಂದವರು. ಈ ರೋಗದಲ್ಲಿ ಗೆದ್ದು ಬಂದವರೇ ಕಡಿಮೆ, ಬಂದವರಲ್ಲೂ ಮುಂದೆ ಬಂದು ಮಾತಾಡುವವರು ಇನ್ನೂ ಕಡಿಮೆ. ಸಾವಿನ ಪಾಲಿಗೆ ಹೋಲಿಸಿದರೆ ಸಂಶೋಧನೆಯ ಹಣದಲ್ಲಿ ಈ ರೋಗದ ಪಾಲು ಚಿಕ್ಕದಾಗಿಯೇ ಉಳಿಯಲು ಇದೂ ಒಂದು ಕಾರಣ.

ಎಲ್ಲವೂ ತಂಬಾಕಿನ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಎಂದೂ ಸೇದದವರಲ್ಲಿ, ಅದರಲ್ಲೂ ಏಷ್ಯಾದ ಹೆಂಗಸರಲ್ಲಿ, ಈ ಕ್ಯಾನ್ಸರಿನ ಗ್ರಂಥಿ ಕೋಶದ ಬಗೆ ಸಾಕಷ್ಟು ಕಂಡುಬರುತ್ತದೆ. ಚೀನಾದ ಯುನ್ನಾನ್ ಪ್ರಾಂತದ ಶುವಾನ್‌ವೇ ಎಂಬಲ್ಲಿ ಹೊಗೆ ಉಗುಳುವ ಕಲ್ಲಿದ್ದಲನ್ನು ಮನೆಯೊಳಗೆ ಚಿಮಣಿಯಿಲ್ಲದ ಗುಂಡಿಯಲ್ಲಿ ಉರಿಸುತ್ತಿದ್ದರು. ಅಲ್ಲಿ ಸಿಗರೇಟು ಮುಟ್ಟದ ಹೆಂಗಸರಲ್ಲೂ ಈ ರೋಗ ವಿಪರೀತವಾಗಿತ್ತು. ಒಲೆಗಳಿಗೆ ಚಿಮಣಿ ಹಾಕಿಸಿದ ಮನೆಗಳಲ್ಲಿ ವರ್ಷಗಳು ಕಳೆದಂತೆ ರೋಗದ ಪ್ರಮಾಣ ಇಳಿಯಿತು. ಡೀಸೆಲ್ ಹೊಗೆಯನ್ನು 2012ರಲ್ಲಿ, ಹೊರಗಿನ ವಾಯುಮಾಲಿನ್ಯವನ್ನು 2013ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅದೇ ಪಟ್ಟಿಯಲ್ಲಿರುವ ಕಲ್ನಾರನ್ನು ಅನೇಕ ದೇಶಗಳು ನಿಷೇಧಿಸಿವೆ. ಭಾರತದಲ್ಲಿ ಬಿಳಿ ಕಲ್ನಾರಿನ ಶೀಟುಗಳು ಇಂದಿಗೂ ಮಾರಾಟವಾಗುತ್ತಿವೆ. ಮನೆಯೊಳಗಿನ ಹೊಗೆಗೆ ಮರಳಿದರೆ, 2016ರಲ್ಲಿ ಶುರುವಾದ ಉಜ್ವಲ ಯೋಜನೆಯನ್ನು ಅಡುಗೆ ಅನಿಲದ ಯೋಜನೆ ಎಂದಷ್ಟೇ ನೋಡುವ ರೂಢಿಯಿದೆ. ಹೆಂಗಸರ ಶ್ವಾಸಕೋಶದ ದೃಷ್ಟಿಯಿಂದ ಅದು ಅಪ್ಪಟ ಆರೋಗ್ಯ ಯೋಜನೆ.

ತಪಾಸಣೆ: ಪಾರ್ಕಿಂಗ್ ಜಾಗದಲ್ಲಿ ನಿಂತ ಲಾರಿ

ರೋಗದ ಲಕ್ಷಣ ಕಾಣುವ ಮೊದಲೇ ಹುಡುಕಿದರೆ ಸಾವು ತಪ್ಪಿಸಬಹುದೇ ಎಂಬುದು ದಶಕಗಳ ಪ್ರಶ್ನೆಯಾಗಿತ್ತು. ಎದೆಯ ಎಕ್ಸ್‌ರೇ ಈ ಪರೀಕ್ಷೆಯಲ್ಲಿ ಸೋತಿತ್ತು. ಅಮೆರಿಕದಲ್ಲಿ 53,454 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನಿನಿಂದ ಈ ರೋಗದ ಸಾವುಗಳು ಶೇ 20ರಷ್ಟು ಇಳಿಯುತ್ತವೆಂದು ತೋರಿಸಿತು. ಅದಕ್ಕೆ ಒಳಗಾದವರು 55ರಿಂದ 74 ವರ್ಷದ ಭಾರೀ ಧೂಮಪಾನಿಗಳು. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಅಧ್ಯಯನ 2020ರಲ್ಲಿ ಗಂಡಸರಲ್ಲಿ ಶೇ 24ರಷ್ಟು ಇಳಿಕೆ ಕಂಡಿತು. ಪರೀಕ್ಷೆಯೇನೋ ಸರಳ: ಮೇಜಿನ ಮೇಲೆ ಮಲಗಿ, ಕೈ ತಲೆಯ ಹಿಂದಕ್ಕೆ ಚಾಚಿ, ಕೆಲವು ಸೆಕೆಂಡು ಉಸಿರು ಬಿಗಿಹಿಡಿದರಾಯಿತು. ಸೂಜಿಯಿಲ್ಲ, ಔಷಧಿಯಿಲ್ಲ. ಕಷ್ಟ ಇರುವುದು ಚಿತ್ರ ಬಂದ ಮೇಲೆ. ಅಮೆರಿಕದ ಆ ಅಧ್ಯಯನದಲ್ಲಿ ಸಂಶಯವಿದೆ ಎಂದು ಬಂದ ವರದಿಗಳಲ್ಲಿ ಶೇ 96ಕ್ಕೂ ಹೆಚ್ಚಿನವು ಕ್ಯಾನ್ಸರ್ ಆಗಿರಲಿಲ್ಲ. ಕೆಲವು ಮಿಲಿಮೀಟರ್ ಗಾತ್ರದ ಗಂಟು ಕಂಡವರು ತಿಂಗಳುಗಟ್ಟಲೆ ಆತಂಕದಲ್ಲಿ ಮರುಪರೀಕ್ಷೆಗೆ ಕಾಯಬೇಕು.

ಪುರಾವೆ ಒಂದೇ, ಅದನ್ನು ನೀತಿಯಾಗಿಸಿದ ಬಗೆ ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ತಜ್ಞ ಮಂಡಳಿ 2013ರಲ್ಲೇ ಶಿಫಾರಸು ಮಾಡಿತು, 2021ರಲ್ಲಿ ವಯಸ್ಸಿನ ಮಿತಿಯನ್ನು 50ಕ್ಕೆ ಇಳಿಸಿತು. ಆದರೂ ಅಲ್ಲಿ ಅರ್ಹರಾದ ಐವರಲ್ಲಿ ಒಬ್ಬರೂ ಪರೀಕ್ಷೆ ಮಾಡಿಸಿಕೊಳ್ಳುತ್ತಿರಲಿಲ್ಲ. ಕರೆದು ಮಾಡಿಸುವ ವ್ಯವಸ್ಥೆಯಿಲ್ಲದೆ ವಿಮೆಯ ಹಣವೊಂದನ್ನೇ ನೆಚ್ಚಿಕೊಂಡದ್ದರ ಫಲ ಅದು. ಇಂಗ್ಲೆಂಡ್ ಬೇರೆ ದಾರಿ ಹಿಡಿಯಿತು. 2016ರಲ್ಲಿ ಮ್ಯಾಂಚೆಸ್ಟರಿನ ಬಡ ಬಡಾವಣೆಗಳಲ್ಲಿ ಸಿ.ಟಿ. ಯಂತ್ರವನ್ನು ಲಾರಿಯೊಂದರಲ್ಲಿಟ್ಟು ಸೂಪರ್‌ಮಾರ್ಕೆಟ್ ಎದುರಿನ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದರು. ಕ್ಯಾನ್ಸರ್ ಎಂಬ ಹೆಸರೆತ್ತದೆ ಶ್ವಾಸಕೋಶದ ಆರೋಗ್ಯ ತಪಾಸಣೆ ಎಂದು ಕರೆದರು. ಅಲ್ಲಿ ಪತ್ತೆಯಾದ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಮೊದಲ ಎರಡು ಹಂತಗಳಲ್ಲಿದ್ದವು, ಅಂದರೆ ಕತ್ತರಿಸಿ ತೆಗೆದು ಗುಣಪಡಿಸಬಹುದಾದಂಥವು. 2019ರಿಂದ ಇದನ್ನು ಸಾವು ಹೆಚ್ಚಿರುವ ಪ್ರದೇಶಗಳಿಗೆ ವಿಸ್ತರಿಸಿ, 2023ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೆಂದು ಘೋಷಿಸಿದರು. ಬಡವರಲ್ಲೇ ಹೆಚ್ಚಾಗಿರುವ ರೋಗವನ್ನು ಬಡವರಿರುವಲ್ಲಿಗೇ ಹೋಗಿ ಹುಡುಕಿದ್ದು ಇಲ್ಲಿನ ನಿಜವಾದ ಪಾಠ. ಯಂತ್ರ ಎಲ್ಲ ಕಡೆಯೂ ಅದೇ.

ದಕ್ಷಿಣ ಕೊರಿಯಾ 2019ರಲ್ಲಿ, ಕ್ರೊಯೇಷಿಯಾ 2020ರಲ್ಲಿ, ಆಸ್ಟ್ರೇಲಿಯಾ 2025ರ ಜುಲೈಯಲ್ಲಿ ರಾಷ್ಟ್ರೀಯ ತಪಾಸಣೆ ಆರಂಭಿಸಿದವು. ತೈವಾನ್ 2022ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಮನೆತನದಲ್ಲಿ ಈ ರೋಗವಿದ್ದರೆ ಎಂದೂ ಸೇದದವರನ್ನೂ ಸೇರಿಸಿಕೊಂಡಿತು. ಜೀವಮಾನವಿಡೀ ತೊಂದರೆ ಕೊಡದೇ ಇರಬಹುದಾದ ಗಂಟುಗಳನ್ನೂ ಕತ್ತರಿಸಲಾಗುತ್ತಿದೆ ಎಂಬ ಟೀಕೆ ಅಲ್ಲಿ ಎದ್ದಿದೆ, ಆ ವಾದ ಇನ್ನೂ ಮುಗಿದಿಲ್ಲ.

ಭಾರತ: ಕ್ಷಯದ ಮರೆಯಲ್ಲಿ

ಭಾರತ ಸರ್ಕಾರ 2016ರ ಹೊತ್ತಿಗೆ ರೂಪಿಸಿದ ಜನಸಮುದಾಯ ತಪಾಸಣೆಯಲ್ಲಿ 30 ದಾಟಿದವರನ್ನು ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳಿಗೆ ಪರೀಕ್ಷಿಸಲಾಗುತ್ತದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ಪ್ರಶ್ನಾವಳಿ ಅದಕ್ಕೆ ತಳಹದಿ. ಶ್ವಾಸಕೋಶ ಆ ಮೂರರಲ್ಲಿಲ್ಲ. ಇದನ್ನು ಕೇವಲ ಅಸಡ್ಡೆ ಎನ್ನಲಾಗದು. ಬಾಯಿಯನ್ನು ಟಾರ್ಚ್ ಹಾಕಿ ನೋಡಬಹುದು, ಶ್ವಾಸಕೋಶಕ್ಕೆ ಸಿ.ಟಿ. ಬೇಕು. ಕ್ಷಯದ ಹಳೆಯ ಕಲೆಗಳು ಲಕ್ಷಾಂತರ ಎದೆಗಳಲ್ಲಿ ಉಳಿದಿರುವ ದೇಶದಲ್ಲಿ ಸಿ.ಟಿ. ತೋರಿಸುವ ಸುಳ್ಳು ಸಂಶಯಗಳು ಅಮೆರಿಕಕ್ಕಿಂತ ಬಹಳ ಹೆಚ್ಚಾಗುತ್ತವೆ. ಅದೂ ಅಲ್ಲದೆ ವಿದೇಶಗಳಲ್ಲಿ ಅರ್ಹತೆಯನ್ನು ಅಳೆಯುವುದು ದಿನಕ್ಕೆ ಎಷ್ಟು ಪ್ಯಾಕು, ಎಷ್ಟು ವರ್ಷ ಎಂಬ ಗುಣಾಕಾರದಿಂದ. ಇಲ್ಲಿ ಜನ ಬೀಡಿಯನ್ನು ಕಟ್ಟಿನ ಲೆಕ್ಕದಲ್ಲಿ, ಸಿಗರೇಟನ್ನು ಬಿಡಿಯಾಗಿ ಕೊಳ್ಳುತ್ತಾರೆ. ಇಂಗ್ಲೆಂಡಿನ ಕಾರ್ಯಕ್ರಮವನ್ನು ಹಾಗೆಯೇ ತಂದು ಇಲ್ಲಿ ನೆಡಬೇಕೆನ್ನುವುದು ಅವಸರದ ಮಾತು.

ಇಲ್ಲಿ ಸೋರಿಕೆ ಆಗುತ್ತಿರುವುದು ಬೇರೆ ಕಡೆ. ತಿಂಗಳಿಂದ ಕೆಮ್ಮುತ್ತಿರುವ, ತೂಕ ಇಳಿದ, ಕಫದಲ್ಲಿ ರಕ್ತ ಕಂಡ ಐವತ್ತೈದರ ಗಂಡಸೊಬ್ಬ ತಾಲ್ಲೂಕು ಆಸ್ಪತ್ರೆಗೆ ಬರುತ್ತಾನೆ ಎಂದಿಟ್ಟುಕೊಳ್ಳಿ. ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದರೆ ಮೇಲ್ಭಾಗದಲ್ಲಿ ಬಿಳಿಯ ಮಚ್ಚೆ. ಈ ಎಲ್ಲ ಲಕ್ಷಣಗಳೂ ಕ್ಷಯಕ್ಕೆ ಹೊಂದುತ್ತವೆ, ಕ್ಷಯವೇ ಇಲ್ಲಿ ಹೆಚ್ಚು. ಕಫದ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಮಾತ್ರೆ ಶುರುವಾಗುತ್ತದೆ. ಒಂದೆರಡು ತಿಂಗಳಲ್ಲಿ ವಾಸಿಯಾಗದಿದ್ದರೆ ಔಷಧಿಗೆ ಬಗ್ಗದ ಕ್ಷಯವೇನೋ ಎಂಬ ಶಂಕೆ. ಜಿಲ್ಲಾ ಆಸ್ಪತ್ರೆ, ಸಿ.ಟಿ., ಬ್ರಾಂಕೋಸ್ಕೋಪಿ, ಬಯಾಪ್ಸಿ ದಾಟಿ ಬೆಂಗಳೂರು ಸೇರುವಷ್ಟರಲ್ಲಿ ತಿಂಗಳುಗಳು ಹೋಗಿರುತ್ತವೆ. ದೇಶದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳು ಪ್ರಕಟಿಸಿದ ಅಧ್ಯಯನಗಳಲ್ಲಿ, ಮೊದಲು ಕ್ಷಯದ ಔಷಧಿ ತೆಗೆದುಕೊಂಡು ಬಂದವರು ಮತ್ತೆ ಮತ್ತೆ ಕಾಣಿಸುತ್ತಾರೆ. ವೈದ್ಯರನ್ನು ದೂರುವುದು ಸುಲಭ, ಆದರೆ ಅವರ ಕೈಯಲ್ಲಿರುವ ಮಾರ್ಗಸೂಚಿಯಲ್ಲಿ ಮುಂದಿನ ಬಾಗಿಲು ಎಲ್ಲಿದೆ ಎಂದು ಸ್ಪಷ್ಟವಾಗಿ ಬರೆದಿರಬೇಕಲ್ಲ.

ಹಾಗಾಗಿ ಭಾರತದ ಮಟ್ಟಿಗೆ ಆದ್ಯತೆಯ ಮೊದಲ ಅರ್ಥ ಕ್ಷಯ ಕಾರ್ಯಕ್ರಮಕ್ಕೆ ಇನ್ನೊಂದು ಕಣ್ಣು ಕೊಡುವುದು. 2024ರ ಡಿಸೆಂಬರಿನಲ್ಲಿ ಆರಂಭವಾದ ಕ್ಷಯದ ನೂರು ದಿನಗಳ ಅಭಿಯಾನದಲ್ಲಿ ಕೈಯಲ್ಲಿ ಹಿಡಿದೊಯ್ಯುವ ಎಕ್ಸ್‌ರೇ ಯಂತ್ರಗಳು ಹಳ್ಳಿಗಳನ್ನು ಮುಟ್ಟಿದವು, ಚಿತ್ರ ಓದಲು ಕೃತಕ ಬುದ್ಧಿಮತ್ತೆಯ ತಂತ್ರಾಂಶ ಬಳಕೆಯಾಯಿತು. ಅದೇ ಚಿತ್ರದಲ್ಲಿ ಗಂಟನ್ನೂ ಗುರುತಿಸಬಲ್ಲ ತಂತ್ರಾಂಶಗಳಿವೆ. ನಲವತ್ತೈದು ದಾಟಿದ, ಸೇದುವ, ಕಫದಲ್ಲಿ ಕ್ಷಯದ ಸೂಕ್ಷ್ಮಾಣು ಸಿಗದ ರೋಗಿಗೆ ಮಾತ್ರೆ ಶುರುಮಾಡುವ ಮುನ್ನ ಸಿ.ಟಿ. ಕಡ್ಡಾಯ ಎಂಬ ಒಂದು ಸಾಲಿನ ನಿಯಮ, ಅದರ ಖರ್ಚಿಗೆ ವಿಮೆಯ ರಕ್ಷೆ, ಜಿಲ್ಲೆಗೊಂದು ಬ್ರಾಂಕೋಸ್ಕೋಪಿ ಘಟಕ: ಇಷ್ಟಾದರೂ ದುಬಾರಿ ತಪಾಸಣೆಗಿಂತ ಹೆಚ್ಚು ಜೀವಗಳನ್ನು ಬೇಗ ತಲುಪಬಹುದು ಎಂದು ನಂಬಲು ಕಾರಣಗಳಿವೆ.

ಅಂಕಿಗಳ ವಿಷಯದಲ್ಲಿ ಭಾರತ ಬಡದೇಶಗಳಲ್ಲಿ ಮುಂದಿದೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1980ರ ದಶಕದ ಆರಂಭದಲ್ಲಿ ಶುರುವಾದಾಗ ಮುಂಬಯಿ ಮತ್ತು ಚೆನ್ನೈ ಜೊತೆಗೆ ಬೆಂಗಳೂರೂ ಅದರಲ್ಲಿತ್ತು. ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಆ ಕೆಲಸವನ್ನು ಇಂದಿಗೂ ನಡೆಸುತ್ತಿದೆ. ಮಹಾನಗರಗಳಲ್ಲೂ ದಕ್ಷಿಣದಲ್ಲೂ ಗಂಡಸರಲ್ಲಿ ಮೊದಲ ಸಾಲಿನಲ್ಲಿರುವ ಕ್ಯಾನ್ಸರ್ ಇದೆಂದು ಆ ನೋಂದಣಿಗಳು ಹೇಳುತ್ತವೆ. ದೇಶದಲ್ಲೇ ಅತಿ ಹೆಚ್ಚಿನ ಪ್ರಮಾಣ ಇರುವ ಜಾಗಗಳಲ್ಲಿ ಮಿಜೋರಾಮಿನ ಐಜ್ವಾಲ್ ಜಿಲ್ಲೆಯೂ ಒಂದು, ಅಲ್ಲಿ ಹೆಂಗಸರೂ ಗಂಡಸರಿಗೆ ಸಮನಾಗಿ ನಿಲ್ಲುತ್ತಾರೆ.

ಬೀಡಿ, ಬ್ಯಾರನ್ ಮತ್ತು ನ್ಯಾಯಾಲಯ

ಯಾವ ಸಿ.ಟಿ. ಯಂತ್ರವೂ ತಂಬಾಕು ತೆರಿಗೆಯಷ್ಟು ಕೆಲಸ ಮಾಡಲಾರದು. ಭಾರತದ ಸಂಕಟವೆಂದರೆ ಇಲ್ಲಿ ಹೆಚ್ಚು ಸೇದುವುದು ಬೀಡಿ, ಕಡಿಮೆ ತೆರಿಗೆ ಬೀಳುವುದೂ ಬೀಡಿಗೇ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಸಿಗರೇಟು ಸೇದುವವರು ಶೇ 4, ಬೀಡಿ ಸೇದುವವರು ಶೇ 7.7. ಬೀಡಿಯಲ್ಲಿ ತಂಬಾಕು ಕಡಿಮೆ, ಆದ್ದರಿಂದ ಹಾನಿಯೂ ಕಡಿಮೆ ಎಂಬ ನಂಬಿಕೆ ಪೊಳ್ಳು. ಆರದಂತೆ ನೋಡಿಕೊಳ್ಳಲು ಪದೇ ಪದೇ ಜೋರಾಗಿ ಎಳೆಯಬೇಕಾದ್ದರಿಂದ ಟಾರು, ನಿಕೋಟಿನ್ ಹೇರಳವಾಗಿಯೇ ಒಳಗೆ ಹೋಗುತ್ತವೆ. ಸುಮಾರು 11 ಲಕ್ಷ ಮನೆಗಳನ್ನು ಆಧರಿಸಿ 2008ರಲ್ಲಿ ಪ್ರಕಟವಾದ ಪ್ರಭಾತ್ ಝಾ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ಬೀಡಿ ಸೇದುವ ಗಂಡಸರು ಸುಮಾರು 6 ವರ್ಷ, ಹೆಂಗಸರು 8 ವರ್ಷ, ಸಿಗರೇಟು ಸೇದುವ ಗಂಡಸರು 10 ವರ್ಷ ಆಯಸ್ಸು ಕಳೆದುಕೊಳ್ಳುತ್ತಾರೆ. ಇಷ್ಟಾದ ಮೇಲೂ, 2015ರಲ್ಲಿ ಸಂಸದೀಯ ಸಮಿತಿಯೊಂದರ ಅಧ್ಯಕ್ಷರು ತಂಬಾಕಿಗೂ ಕ್ಯಾನ್ಸರಿಗೂ ನಂಟು ತೋರಿಸುವ ಭಾರತೀಯ ಅಧ್ಯಯನವೇ ಇಲ್ಲ ಎಂದರು. 2025ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ಮಂಡಳಿ ಬೀಡಿಯ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಆರೋಗ್ಯ ನೀತಿಯ ಕಣ್ಣಿನಿಂದ ನೋಡಿದರೆ ಇದಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಆದರೆ ಬೀಡಿಗೆ ಇನ್ನೊಂದು ಮುಖವಿದೆ, ಅದನ್ನು ಕರ್ನಾಟಕ ಹತ್ತಿರದಿಂದ ಬಲ್ಲದು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಮೂರು ತಲೆಮಾರಿನ ಹೆಂಗಸರು ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟು, ನೆನೆಸಿದ ಎಲೆಯನ್ನು ಕತ್ತರಿಯಿಂದ ಅಳತೆಗೆ ಕತ್ತರಿಸಿ, ಚಿಟಿಕೆ ಹುಡಿ ಹಾಕಿ ಸುತ್ತಿ, ನೂಲಿನಿಂದ ಕಟ್ಟಿ, ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದು ಸಾವಿರದ ಲೆಕ್ಕದಲ್ಲಿ ಕೂಲಿ ಪಡೆದು ಮಕ್ಕಳನ್ನು ಓದಿಸಿದ್ದಾರೆ. ದಿನವಿಡೀ ಆ ಹುಡಿಯನ್ನು ಉಸಿರಾಡಿದವರೂ ಅವರೇ. ನಿಪ್ಪಾಣಿ ಸೀಮೆ ಬೀಡಿ ತಂಬಾಕಿಗೆ ಹೆಸರಾದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಲ್ಲಿ ಸಿಗರೇಟಿನ ಹೊಗೆಸೊಪ್ಪು ಬೆಳೆದು ಬ್ಯಾರನ್‌ಗಳಲ್ಲಿ ಸೌದೆ ಉರಿಸಿ ಹದಮಾಡುತ್ತಾರೆ. ಕೇಂದ್ರದ ಒಂದು ಮಂಡಳಿ ಆ ಸೊಪ್ಪಿಗೆ ಹರಾಜುಕಟ್ಟೆ ನಡೆಸುತ್ತದೆ, ಇನ್ನೊಂದು ಸಚಿವಾಲಯ ಅದರಿಂದಾದ ಸಾವುಗಳನ್ನು ಎಣಿಸುತ್ತದೆ. ಬೇರೆ ಬೆಳೆಗೆ, ಬೇರೆ ಕೆಲಸಕ್ಕೆ ಹಣ ಕಾದಿರಿಸದ ತಂಬಾಕು ನಿಯಂತ್ರಣ ಅರ್ಧ ನೀತಿ.

ಕಾನೂನಿನ ಜಗಳವೂ ಇಲ್ಲೇ ನಡೆಯಿತು. ಪೊಟ್ಟಣದ ಶೇ 85ರಷ್ಟು ಜಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಇರಬೇಕೆಂಬ ನಿಯಮ 2016ರ ಏಪ್ರಿಲಿನಲ್ಲಿ ಜಾರಿಗೆ ಬಂದಾಗ, ದೇಶದ ಹಲವು ಕಡೆ ಹೂಡಿದ್ದ ದಾವೆಗಳನ್ನು ಸುಪ್ರೀಂ ಕೋರ್ಟ್ ಕರ್ನಾಟಕ ಹೈಕೋರ್ಟಿಗೆ ವರ್ಗಾಯಿಸಿತು. 2017ರ ಡಿಸೆಂಬರಿನಲ್ಲಿ ಹೈಕೋರ್ಟ್ ಆ ನಿಯಮವನ್ನು ರದ್ದುಪಡಿಸಿತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಚಿತ್ರ ಪೊಟ್ಟಣದ ಮೇಲೆ ಉಳಿದದ್ದು ಆ ತಡೆಯಿಂದ. 2025ರಲ್ಲಿ ಕರ್ನಾಟಕ ತನ್ನ ತಿದ್ದುಪಡಿ ಕಾಯ್ದೆಯ ಮೂಲಕ ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿ, ಹುಕ್ಕಾ ಬಾರುಗಳನ್ನು ನಿಷೇಧಿಸಿತು.

ಔಷಧಿಯ ಬೆಲೆ, ಕೊನೆಯ ದಿನಗಳು

2004ರಲ್ಲಿ ಇಜಿಎಫ್‌ಆರ್ ಎಂಬ ವಂಶವಾಹಿಯ ವ್ಯತ್ಯಯ ಪತ್ತೆಯಾದ ಮೇಲೆ ಈ ಕ್ಯಾನ್ಸರಿನ ಚಿಕಿತ್ಸೆ ಹೊಸ ದಿಕ್ಕು ಹಿಡಿಯಿತು. ಭಾರತದ ಗ್ರಂಥಿ ಕೋಶದ ಬಗೆಯ ರೋಗಿಗಳಲ್ಲಿ ಸುಮಾರು ಕಾಲುಭಾಗ ಅಥವಾ ಹೆಚ್ಚು ಜನರಲ್ಲಿ ಆ ವ್ಯತ್ಯಯ ಇರುತ್ತದೆ, ಅವರಿಗೆ ದಿನಕ್ಕೊಂದು ಮಾತ್ರೆ ಕೀಮೋಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಜೆಫಿಟಿನಿಬ್ ಮಾತ್ರೆಯ ದೇಶೀ ಜೆನೆರಿಕ್ ಅಗ್ಗವಾಗಿ ಸಿಗುತ್ತದೆ. ಅದಕ್ಕಿಂತ ಪರಿಣಾಮಕಾರಿಯಾದ ಒಸಿಮರ್ಟಿನಿಬ್‌ನ ಬೆಲೆ ಸಾಮಾನ್ಯರ ಕೈಗೆ ಎಟುಕದ್ದು. 2024ರ ಜುಲೈ ಬಜೆಟ್ ಮೂರು ಕ್ಯಾನ್ಸರ್ ಔಷಧಿಗಳ ಆಮದು ಸುಂಕ ತೆಗೆದುಹಾಕಿತು; ಒಸಿಮರ್ಟಿನಿಬ್, ಡುರ್ವಾಲುಮಾಬ್ ಎಂಬ ಎರಡು ಶ್ವಾಸಕೋಶದ ಕ್ಯಾನ್ಸರಿಗೆ ಬಳಕೆಯಾಗುವಂಥವು. ಸುಂಕ ಹೋದರೂ ಮೂಲಬೆಲೆ ಹಾಗೇ ಇದ್ದರೆ ಪ್ರಯೋಜನ ಅಷ್ಟಕ್ಕಷ್ಟೇ. 2012ರಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ನ ಆಸ್ಪತ್ರೆಗಳು ಒಟ್ಟಾಗಿ ಚೌಕಾಸಿ ಮಾಡಿ ಔಷಧಿ ಕೊಂಡು ಭಾರೀ ಉಳಿತಾಯ ಮಾಡಿ ತೋರಿಸಿದ್ದು ಇದಕ್ಕಿಂತ ಗಟ್ಟಿಯಾದ ದಾರಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ತಲೆ ಮತ್ತು ಕತ್ತಿನ ಕ್ಯಾನ್ಸರಿನಲ್ಲಿ ಇಮ್ಯುನೋಥೆರಪಿ ಔಷಧಿಯೊಂದನ್ನು ವಾಡಿಕೆಯ ಪ್ರಮಾಣದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಕೊಟ್ಟೂ ಫಲ ಕಂಡಿತು. ಶ್ವಾಸಕೋಶದ ಕ್ಯಾನ್ಸರಿನಲ್ಲೂ ಇಂಥ ಪ್ರಯೋಗಗಳಿಗೆ ಹಣ ಕೊಡಬೇಕಾದ್ದು ಸರ್ಕಾರ. ಔಷಧಿ ಕಡಿಮೆ ಮಾರಾಟವಾಗಲಿ ಎಂದು ಕಂಪನಿ ಪ್ರಯೋಗ ನಡೆಸುವುದಿಲ್ಲ.

ನಾಲ್ಕನೆಯ ಹಂತದಲ್ಲಿ ಬರುವವರೇ ಹೆಚ್ಚಿರುವಾಗ ಉಪಶಾಮಕ ಆರೈಕೆಯನ್ನು ಪಟ್ಟಿಯ ಕೊನೆಗೆ ತಳ್ಳುವುದು ವಿಚಿತ್ರ. ಬಾಸ್ಟನ್ನಿನಲ್ಲಿ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರೋಗ ಹರಡಿದೆಯೆಂದು ತಿಳಿದ ಕೂಡಲೇ ಉಪಶಾಮಕ ಆರೈಕೆ ಪಡೆದವರು ನೆಮ್ಮದಿಯಾಗಿದ್ದುದಷ್ಟೇ ಅಲ್ಲ, ಹೆಚ್ಚು ಕಾಲವೂ ಬದುಕಿದರು: 8.9 ತಿಂಗಳಿಗೆ ಎದುರಾಗಿ 11.6 ತಿಂಗಳು. ಇಷ್ಟು ದಿನ ಹೆಚ್ಚು ಕೊಡುವ ಹೊಸ ಮಾತ್ರೆಯೊಂದು ಬಂದಿದ್ದರೆ ಪತ್ರಿಕೆಗಳ ಮುಖಪುಟದಲ್ಲಿ ಇರುತ್ತಿತ್ತು. ಬೆಂಗಳೂರಿನ ಕರುಣಾಶ್ರಯದಂಥ ದತ್ತಿ ಸಂಸ್ಥೆಗಳು ಈ ಆರೈಕೆಯನ್ನು ಉಚಿತವಾಗಿ ಕೊಡುತ್ತಿವೆ, ಆದರೆ ಅವು ಕೆಲವೇ ಊರುಗಳಿಗೆ ಸೀಮಿತ. ಕೊನೆಯ ವಾರಗಳ ಉಸಿರುಕಟ್ಟುವಿಕೆಗೂ ನೋವಿಗೂ ಮುಖ್ಯ ಮದ್ದು ಮಾರ್ಫಿನ್, ಅದರ ಮಾತ್ರೆ ದುಬಾರಿಯಲ್ಲ. ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವ ಪರವಾನಗಿಯನ್ನು ಸರಳಗೊಳಿಸಿತು. ಬಾಕಿ ಇರುವುದು ಜಿಲ್ಲಾ ಆಸ್ಪತ್ರೆಗಳು ಅರ್ಜಿ ಹಾಕಿ ಮನ್ನಣೆ ಪಡೆಯುವುದು, ಬರೆದುಕೊಡಲು ಒಬ್ಬ ವೈದ್ಯರಿಗಾದರೂ ತರಬೇತಿ ಕೊಡಿಸುವುದು, ವರ್ಷವಿಡೀ ದಾಸ್ತಾನು ತೀರದಂತೆ ನೋಡಿಕೊಳ್ಳುವುದು.